ಮೂವತ್ತು ದಾಟಿದ ಫ್ರಿಜ್ ನಡೆಯುತ್ತಿದೆ, ಮೂರು ವರ್ಷದ ವಾಷಿಂಗ್ ಮೆಷೀನ್ ನಿಂತಿದೆ: ಹಳೆಯದೇ ಗಟ್ಟಿಯೇ?

(ಒಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕುಕ್ಕರಹಳ್ಳಿ ದಂಡೆ

ಮೈಸೂರಿನ ನಮ್ಮ ಮನೆಯಲ್ಲಿ 1991ರಲ್ಲಿ ಅಪ್ಪ ಕೊಂಡ 165 ಲೀಟರ್ ಫ್ರಿಜ್ ಇದೆ. ಬಾಗಿಲಿನ ರಬ್ಬರ್ ಎರಡು ಸಲ ಬದಲಾಗಿದೆ. ಮೂಲ ಹಿಡಿಕೆ ಮುರಿದು, ಅದರ ಜಾಗದಲ್ಲಿ ಅಪ್ಪ ಯಾವುದೋ ಹಳೆಯ ಬೀರುವಿನ ಹಿತ್ತಾಳೆ ಹಿಡಿಕೆ ಕೂರಿಸಿದ್ದಾರೆ. ಕೆಳಗಿನ ತಗಡು ತುಕ್ಕು ತಿಂದಿದೆ. ಆದರೂ ಹಾಲು ಕೆಡುವುದಿಲ್ಲ, ಮಂಜುಗಡ್ಡೆ ಕಟ್ಟುತ್ತದೆ, ಮೂವತ್ತು ವರ್ಷಕ್ಕೂ ಮೇಲಾಯಿತು.

ಅದೇ ಮನೆಯ ಬಚ್ಚಲಿನ ಪಕ್ಕದಲ್ಲಿರುವ ವಾಷಿಂಗ್ ಮೆಷೀನ್‌ಗೆ ಮೂರು ವರ್ಷ ನಾಲ್ಕು ತಿಂಗಳು. 26,000 ರೂಪಾಯಿ ಕೊಟ್ಟು ತಂದದ್ದು. ಕಳೆದ ಮಂಗಳವಾರ ರಾತ್ರಿ ಬಟ್ಟೆ ಅರ್ಧ ಒಗೆದು ನಿಂತಿತು. ಆಮೇಲೆ ಒಂದು ದೀಪವೂ ಹೊತ್ತಲಿಲ್ಲ. ನೀರು ತುಂಬಿದ ಡ್ರಮ್ಮಿನಿಂದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ಹಿಂಡುವ ಹೊತ್ತಿಗೆ ಅಮ್ಮನ ಕೈ ಸೋತುಹೋಯಿತು. ಕಂಪನಿಯ ತಂತ್ರಜ್ಞ ಬಂದು ಹತ್ತು ನಿಮಿಷ ನೋಡಿ, "ಬೋರ್ಡ್ ಹೋಗಿದೆ, ಹೊಸದಕ್ಕೆ 9,400 ಆಗುತ್ತದೆ, ಬಂದುಹೋದ ಶುಲ್ಕ ಬೇರೆ" ಎಂದರು. ಬೋರ್ಡ್ ಎಂದರೆ ಮೆಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಫಲಕ. ಅದನ್ನು ದುರಸ್ತಿ ಮಾಡಲಾಗದೇ ಎಂದು ಕೇಳಿದೆ. ನಾವು ಬದಲಿಸುತ್ತೇವೆಯೇ ಹೊರತು ದುರಸ್ತಿ ಮಾಡುವುದಿಲ್ಲ ಎಂದರು. ಮೋಟಾರಿಗೆ ಹತ್ತು ವರ್ಷದ ವಾರಂಟಿ ಇದೆ. ಆದರೆ ಮೋಟಾರಿಗೆ ಏನೂ ಆಗಿಲ್ಲ. ಬೋರ್ಡಿಗೆ ಎರಡೇ ವರ್ಷ.

ಆ ವಾರವೇ ಸರಿಯಿರಲಿಲ್ಲ, ವರಾಂಡದ ಎರಡು ಎಲ್‌ಇಡಿ ಬಲ್ಬುಗಳೂ ಹೋದವು.

9,400 ಕೊಟ್ಟು ಬೋರ್ಡ್ ಹಾಕಿಸುವುದೋ, ಹೊಸ ಮೆಷೀನ್ ಕೊಳ್ಳುವುದೋ? ಇದಕ್ಕಿಂತ ದೊಡ್ಡದಾಗಿ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇನ್ನೊಂದು. ಆಗಿನವರು ನಿಜವಾಗಿಯೂ ಗಟ್ಟಿಯಾದ ವಸ್ತು ಮಾಡುತ್ತಿದ್ದರೋ, ನಮಗೆ ಹಾಗೆ ಅನ್ನಿಸುತ್ತದೆಯೋ?

ಅಡಕೆ ಅಂಗಳ

ಅನ್ನಿಸುವುದಲ್ಲ, ನಿಜ. ಶಿರಸಿ ಕಡೆಯ ನಮ್ಮ ಮನೆಯಲ್ಲಿ 1983ರ ಮಿಕ್ಸಿ ಇದೆ, ಅದಕ್ಕೂ ಹಿಂದಿನ ಸೀಲಿಂಗ್ ಫ್ಯಾನ್ ಇದೆ, ಅಜ್ಜಿಯ ಕಾಲದ ಇಸ್ತ್ರಿ ಪೆಟ್ಟಿಗೆ ಇದೆ. ಮೂರೂ ನಡೆಯುತ್ತವೆ. ಕಳೆದ ಹತ್ತು ವರ್ಷಗಳಲ್ಲಿ ಕೊಂಡ ಮಿಕ್ಸಿಗಳು ಎರಡು ಗುಜರಿಗೆ ಹೋದವು. ಆ ಫ್ಯಾನ್ ಇಳಿಸಿ ಒರೆಸುವಾಗ ಇಬ್ಬರು ಹಿಡಿಯಬೇಕು, ಅಷ್ಟು ಭಾರ. ಈಗಿನದನ್ನು ಮಗಳು ಒಂದೇ ಕೈಯಲ್ಲಿ ಎತ್ತುತ್ತಾಳೆ. ಕಬ್ಬಿಣ, ತಾಮ್ರ ಹಾಕಿದರೆ ತಾನೇ ಬಾಳುವುದು?

ವೈಂಡಿಂಗ್ ಮೇಜು

ಶಿವಮೊಗ್ಗದಲ್ಲಿ ಮೂವತ್ತೊಂದು ವರ್ಷದಿಂದ ದುರಸ್ತಿ ಅಂಗಡಿ ನಡೆಸುತ್ತಿದ್ದೇನೆ. ಇದರ ಮೇಲೆ ನನಗೆ ಹೇಳುವುದು ಬಹಳ ಇದೆ, ತಾಳ್ಮೆಯಿಂದ ಓದಿ.

ಹಳೆಯ ಸಾಮಾನು ಕೆಡುತ್ತಿರಲಿಲ್ಲ ಎನ್ನುವುದನ್ನು ನನ್ನ ಅಂಗಡಿಯ ಲೆಕ್ಕದ ಪುಸ್ತಕ ಒಪ್ಪುವುದಿಲ್ಲ. ಅವು ಕೆಡದೇ ಇದ್ದಿದ್ದರೆ ನಾನು ಮೂರು ಮಕ್ಕಳನ್ನು ಓದಿಸುತ್ತಿರಲಿಲ್ಲ. ಅಂಗಡಿ ತೆರೆದ ಹೊಸತರಲ್ಲಿ ಗೋಡೆಯ ಹಲಗೆಯ ಮೇಲೆ ಯಾವಾಗ ನೋಡಿದರೂ ಇಪ್ಪತ್ತು ಮಿಕ್ಸಿ ಸಾಲಾಗಿ ಕೂತಿರುತ್ತಿದ್ದವು. ಬಿಳಿ ಪಟ್ಟಿಯ ಮೇಲೆ ಮನೆಯವರ ಹೆಸರು ಬರೆದು ಅಂಟಿಸುತ್ತಿದ್ದೆ. ಯುಗಾದಿ, ದೀಪಾವಳಿ ಬಂತೆಂದರೆ ಹಲಗೆ ಸಾಲದೆ ನೆಲಕ್ಕೆ ಇಳಿಯುತ್ತಿದ್ದವು. ಕಾರ್ಬನ್ ಬ್ರಷ್ ಸವೆಯುತ್ತಿತ್ತು, ಜಾರಿನ ಬುಷ್ ಸಡಿಲವಾಗಿ ಚಟ್ನಿಯ ನೀರು ಕೆಳಗಿಳಿದು ಬೇರಿಂಗ್ ಹಿಡಿಯುತ್ತಿತ್ತು, ಕಪ್ಲರ್ ಹಲ್ಲು ಉದುರುತ್ತಿತ್ತು, ಅರಿಶಿನದ ಕೊಂಬು ಹಾಕಿ ಬಿಡದೆ ಓಡಿಸಿದರೆ ಮೋಟಾರಿನೊಳಗಿನ ತಂತಿಯ ಸುತ್ತು, ಅಂದರೆ ಕಾಯಿಲ್, ಸುಡುತ್ತಿತ್ತು. ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಪಾಸಿಟರನ್ನು ಎಷ್ಟು ಬದಲಿಸಿದ್ದೇನೋ ಲೆಕ್ಕವಿಲ್ಲ. ಇಸ್ತ್ರಿ ಪೆಟ್ಟಿಗೆಯ ಅಭ್ರಕದ ಎಲಿಮೆಂಟ್ ಅಂತೂ ವರ್ಷಕ್ಕೊಮ್ಮೆ. ಶಿರಸಿಯವರ ಮಿಕ್ಸಿ 1983ರಿಂದ ನಡೆದಿರುವುದು ನಿಜ, ಆದರೆ ಅದರೊಳಗಿನ ಕಾಯಿಲ್ ಎಷ್ಟನೆಯದು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಅವು ಕೆಟ್ಟು ಕೆಟ್ಟು ಬದುಕಿದವು. ನಾಲ್ಕು ಸ್ಕ್ರೂ ಬಿಚ್ಚಿದರೆ ಒಳಗೆ ಏನಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಸುಟ್ಟ ವೈಂಡಿಂಗ್ ಬಿಚ್ಚುವಾಗ ಒಂದೊಂದೇ ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು ಬರೆದಿಟ್ಟುಕೊಂಡು, ಅಷ್ಟೇ ಸುತ್ತು ಸುತ್ತಿ ವಾರ್ನಿಷ್ ಹಾಕಿ ಬಿಸಿಲಿಗಿಟ್ಟರೆ ಇನ್ನು ಹತ್ತು ವರ್ಷ ಚಿಂತೆಯಿಲ್ಲ. ಆ ತಂತಿ ತಾಮ್ರದ್ದು, ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತಿತ್ತು.

ಈಗಿನ ಕಥೆ ಹೇಳುತ್ತೇನೆ. ಹೋದ ತಿಂಗಳು ಮುಂಬದಿಯಲ್ಲಿ ಬಾಗಿಲಿರುವ (ಫ್ರಂಟ್ ಲೋಡ್) ವಾಷಿಂಗ್ ಮೆಷೀನ್ ಬಂತು, ನೀರು ಹಿಂಡುವಾಗ ವಿಮಾನದಷ್ಟು ಸದ್ದು. ಬೇರಿಂಗ್ ಹೋಗಿದೆ ಎಂದು ಕೇಳಿದ ತಕ್ಷಣ ಗೊತ್ತಾಗುತ್ತದೆ. ಒಳಗಿದ್ದದ್ದು 6205, 6206 ನಂಬರಿನವು, ಯಾವ ಬೇರಿಂಗ್ ಅಂಗಡಿಯಲ್ಲಾದರೂ ನಾಲ್ಕಾರು ನೂರಕ್ಕೆ ಸಿಗುವ ಜೋಡಿ. ಆದರೆ ಅಲ್ಲಿಗೆ ಕೈ ಹೋಗಬೇಕಲ್ಲ! ಹಿಂದೆ ಹೊರಗಿನ ಟಬ್ಬಿನ ಎರಡು ಹೋಳುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಈಗ ಬಹಳಷ್ಟು ಮಾದರಿಗಳಲ್ಲಿ ಎರಡೂ ಹೋಳು ಕರಗಿಸಿ ಬೆಸೆದಿರುತ್ತಾರೆ. ಕಂಪನಿಯವರಾದರೆ ಟಬ್ ಪೂರ್ತಿ ಬದಲಿಸುತ್ತಾರೆ, ಅದು ಮೆಷೀನಿನ ಅರ್ಧ ಬೆಲೆ. ನಾನು ಗರಗಸದ ಬ್ಲೇಡ್ ಹಿಡಿದು ಬೆಸುಗೆಯ ಗೆರೆಯ ಮೇಲೆಯೇ ಸುತ್ತಲೂ ಕೊಯ್ದೆ, ಬೇರಿಂಗ್ ಬದಲಿಸಿದೆ, ಅಂಚಿಗೆ ಇಪ್ಪತ್ತು ರಂಧ್ರ ಕೊರೆದು ಸಿಲಿಕೋನ್ ಬಳಿದು ಬೋಲ್ಟ್ ಬಿಗಿದೆ. ಒಂದೂವರೆ ದಿನ ಹಿಡಿಯಿತು. ಕೆಲಸ ಚೆನ್ನಾಗಿಯೇ ಆಯಿತು. ಆದರೆ ಒಂದೂವರೆ ದಿನದ ಕೂಲಿಯನ್ನು ಯಾರ ಬಳಿ ಕೇಳಲಿ?

ಫ್ರಿಜ್ಜಿನದೂ ಹೀಗೆಯೇ. ಮೊದಲು ಹಿಂಬದಿಯಲ್ಲಿ ಕಪ್ಪು ಜಾಲರಿ ಇರುತ್ತಿತ್ತು, ಸೋರಿದ ಜಾಗ ಸಾಬೂನಿನ ನೊರೆಗೆ ಗುಳ್ಳೆ ಬಂದು ತೋರಿಸಿಬಿಡುತ್ತಿತ್ತು. ಈಗ ಆ ಕೊಳವೆಗಳನ್ನು ಪಕ್ಕದ ಗೋಡೆಗಳ ಫೋಮ್ ಒಳಗೆ ಹುದುಗಿಸುತ್ತಾರೆ. ಹೊಸ ಫ್ರಿಜ್ಜಿನ ಪಕ್ಕ ಮುಟ್ಟಿದರೆ ಬೆಚ್ಚಗಿರುವುದು ಅದಕ್ಕೇ. ಅಲ್ಲಿ ಸೋರಿದರೆ ನಾವು "ಬಾಡಿ ಲೀಕ್" ಎನ್ನುತ್ತೇವೆ, ಆ ಮಾತು ಹೇಳಿದ ಮೇಲೆ ಹೆಚ್ಚಿನವರು ಫ್ರಿಜ್ಜನ್ನು ಗುಜರಿಯವನಿಗೇ ಕೊಡುತ್ತಾರೆ.

ಮೈಸೂರಿನವರೇ, ಬೋರ್ಡಿಗೆ ಹಣ ಕಟ್ಟುವ ಮೊದಲು ಎರಡು ಮಾತು ತಿಳಿಸಿ. ಮೆಷೀನ್ ನಿಂತ ವಾರವೇ ಎರಡು ಬಲ್ಬ್ ಹೋದವು ಎಂದಿದ್ದೀರಿ. ನಿಮ್ಮದು ಸಿಂಗಲ್ ಫೇಸೋ, ತ್ರೀ ಫೇಸೋ? ಮತ್ತೆ, ಆ ಹಳೆಯ ಫ್ರಿಜ್ಜಿಗೆ ಸ್ಟೆಬಿಲೈಸರ್ ಇದೆಯೇ?

ಬೆಳಗಿನ ಪಾಳಿ

ಮೋಟಾರು ತಯಾರಿಸುವ ಕಾರ್ಖಾನೆಯೊಂದರಲ್ಲಿ ಬಾಳಿಕೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೇಲಿನವರು ಬರೆದದ್ದನ್ನು ಓದಿ ಸಂತೋಷವಾಯಿತು. ಅವರು ಮುಟ್ಟದ ಒಂದು ವಿಷಯ ಸೇರಿಸುತ್ತೇನೆ.

1991ರಲ್ಲಿ ನಿಮ್ಮ ಬೀದಿಗೆ ಬಂದ ಫ್ರಿಜ್ಜುಗಳೆಲ್ಲ ಈಗ ಎಲ್ಲಿವೆ? ಸತ್ತವು ಯಾರ ಅಡುಗೆಮನೆಯಲ್ಲೂ ನಿಂತು ತಮ್ಮ ಕಥೆ ಹೇಳುವುದಿಲ್ಲ. ಉಳಿದ ಒಂದನ್ನು ನೋಡಿ ಆ ಕಾಲದ್ದೆಲ್ಲ ಹೀಗಿತ್ತು ಎಂದುಕೊಳ್ಳುವುದು, ತೊಂಬತ್ತೈದರ ಅಜ್ಜನನ್ನು ನೋಡಿ ಆ ಕಾಲದವರೆಲ್ಲ ನೂರು ವರ್ಷ ಬದುಕುತ್ತಿದ್ದರು ಎಂದಂತೆ.

ಬೆಲೆಯನ್ನೂ ನೋಡಬೇಕು. ನಮ್ಮ ತಂದೆ ಪ್ರೌಢಶಾಲೆಯ ಮೇಷ್ಟ್ರು. ನಮ್ಮ ಮನೆಯ ಮೊದಲ ಫ್ರಿಜ್ಜಿಗೆ ಅವರ ನಾಲ್ಕು ತಿಂಗಳ ಸಂಬಳ ಸಾಲಲಿಲ್ಲ, ಸಹಕಾರ ಸಂಘದ ಸಾಲ ತೆಗೆದರು. ಅಷ್ಟು ಕೊಟ್ಟ ವಸ್ತುವಿನಲ್ಲಿ ದಪ್ಪ ತಗಡು ಹಾಕಲು ತಯಾರಕನಿಗೆ ಅವಕಾಶವಿತ್ತು, ಮನೆಯವರೂ ಅದನ್ನು ದೇವರ ಪೆಟ್ಟಿಗೆಯಂತೆ ನೋಡಿಕೊಂಡರು. ಇಂದು ಅದೇ ಕೆಲಸದಲ್ಲಿರುವವರ ಒಂದು ತಿಂಗಳ ಸಂಬಳದೊಳಗೆ ಸಾಧಾರಣ ಫ್ರಿಜ್ ಮನೆಗೆ ಬರುತ್ತದೆ. ಕೂಲಿ ಮಾಡುವವರ ಮನೆಯಲ್ಲೂ ಇಂದು ತಣ್ಣೀರಿದೆ ಎಂದರೆ ಅದು ಸಣ್ಣ ಸಂಗತಿಯಲ್ಲ, ಅದನ್ನು ಹೀಗಳೆಯಲು ನನಗೆ ಮನಸ್ಸಾಗುವುದಿಲ್ಲ.

ಆದರೆ ಎಲ್ಲಿ ದುರ್ಬಲವಾಗಿದ್ದೇವೆ ಎಂಬುದನ್ನೂ ಮುಚ್ಚಿಡಬಾರದು. ಹೊಸ ಉಪಕರಣಗಳಲ್ಲಿ ಮೋಟಾರು, ಕಂಪ್ರೆಸರ್ ಮೊದಲು ಸಾಯುವುದು ಅಪರೂಪ. ಸಾಯುವುದು ಅವನ್ನು ಓಡಿಸುವ ಬೋರ್ಡ್. ಬೋರ್ಡಿನಲ್ಲೂ ಹೆಚ್ಚಾಗಿ ಸೋಲುವವು ಎಲೆಕ್ಟ್ರೋಲಿಟಿಕ್ ಕಪಾಸಿಟರ್, ರಿಲೇ, ವಿದ್ಯುತ್ ಒಳಬರುವ ಬಾಗಿಲಿನ ಭಾಗಗಳು. ಈ ಕಪಾಸಿಟರಿನ ಒಳಗೆ ದ್ರವವಿರುತ್ತದೆ, ಶಾಖಕ್ಕೆ ಒಣಗುತ್ತ ಬರುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧ ಎಂಬುದು ನಮ್ಮ ಕೆಲಸದಲ್ಲಿ ನಿತ್ಯ ಬಳಸುವ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು 65 ಡಿಗ್ರಿಯಲ್ಲಿ 32,000 ಗಂಟೆ ಬಾಳೀತು. ಎಲ್‌ಇಡಿ ಬಲ್ಬನ್ನು ಗಾಳಿಯಾಡದ ಗಾಜಿನ ಬುರುಡೆಯೊಳಗೆ ಹಾಕಿದರೆ ಬೇಗ ಸಾಯುವುದು ಇದರಿಂದಲೇ. ಹಲವು ಸಲ ಬೆಳಕು ಕೊಡುವ ಚಿಪ್ ಚೆನ್ನಾಗಿಯೇ ಇರುತ್ತದೆ, ಬುಡದಲ್ಲಿ ವಿದ್ಯುತ್ತನ್ನು ಹದಮಾಡಿ ಕೊಡುವ ಡ್ರೈವರ್ ಬೆಂದಿರುತ್ತದೆ. ಎರಡು ರೂಪಾಯಿ ಹೆಚ್ಚಿನ ಕಪಾಸಿಟರ್ ಹಾಕಿದರೆ ವರ್ಷಗಟ್ಟಲೆ ಹೆಚ್ಚು ಬಾಳುತ್ತಿತ್ತು. ಆ ಎರಡು ರೂಪಾಯಿಗಾಗಿ ನಾನೇ ಸಭೆಗಳಲ್ಲಿ ಜಗಳವಾಡಿದ್ದೇನೆ. ಕೆಲವು ಸಲ ಗೆದ್ದಿದ್ದೇನೆ.

ಅಡಕೆ ಅಂಗಳ

ಎರಡು ರೂಪಾಯಿ ಉಳಿಸಲು ಆಯುಸ್ಸು ಕತ್ತರಿಸುವುದು ಎಂದರೆ ಬೇಕೆಂದೇ ಕೆಡುವಂತೆ ಮಾಡುವುದಲ್ಲವೇ? ಬಲ್ಬಿನ ಕಂಪನಿಗಳು ಒಟ್ಟು ಸೇರಿ ಇದನ್ನೇ ಮಾಡಿದ್ದವು ಎಂದು ಓದಿದ್ದೇನೆ. ಅಮೆರಿಕದಲ್ಲಿ ನೂರು ವರ್ಷ ದಾಟಿದ ಬಲ್ಬ್ ಇನ್ನೂ ಉರಿಯುತ್ತಿದೆಯಂತೆ.

ಕಾಯಿಲ್ ವಿಚಾರ ಅಮ್ಮನನ್ನು ಕೇಳಿದೆ. ಎರಡು ಸಲ ಸುತ್ತಿಸಿದ್ದಾರೆ, ಜಾರು ಮೂರನೆಯದು. ಶಿವಮೊಗ್ಗದವರ ಮಾತು ಒಪ್ಪಿದೆ.

ಬೆಳಗಿನ ಪಾಳಿ

ಬಲ್ಬಿನ ಕೂಟ ನಡೆದದ್ದು ನಿಜ. 1924ರಲ್ಲಿ ಜಿನೀವಾದಲ್ಲಿ ಫೀಬಸ್ ಎಂಬ ಹೆಸರಿನಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಒಪ್ಪಂದ ಮಾಡಿಕೊಂಡವು. ಬಲ್ಬಿನ ಆಯುಸ್ಸು 1,000 ಗಂಟೆಗೆ ನಿಲ್ಲಬೇಕು, ಹೆಚ್ಚು ಬಾಳುವ ಬಲ್ಬ್ ಮಾರಿದ ಸದಸ್ಯರು ದಂಡ ಕಟ್ಟಬೇಕು. ಅದನ್ನು ಸಮರ್ಥಿಸಲು ನಾನಿಲ್ಲ.

ಆದರೆ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯ ಆ ಬಲ್ಬ್ 1901ರಿಂದ ಉರಿಯುತ್ತಿರುವುದು ಸುಮಾರು 4 ವ್ಯಾಟ್‌ನ ಮಂದ ಕೆಂಪು ಬೆಳಕಿನಲ್ಲಿ. ತಂತಿಯನ್ನು ತಣ್ಣಗೆ ಉರಿಸಿದರೆ ಅದು ಬಹುಕಾಲ ಬಾಳುತ್ತದೆ, ಆದರೆ ಅದರ ಕೆಳಗೆ ಕೂತು ಅಕ್ಷರ ಓದಲಾಗುವುದಿಲ್ಲ. ಆರಿಸಿ ಹೊತ್ತಿಸುವ ಪೆಟ್ಟೂ ಅದಕ್ಕೆ ಬಿದ್ದದ್ದು ಬಹಳ ಕಡಿಮೆ. ಬಾಳಿಕೆ, ಬೆಳಕು, ವಿದ್ಯುತ್ತಿನ ಖರ್ಚು ಮೂರನ್ನೂ ಒಟ್ಟಿಗೆ ತೂಗಬೇಕಾಗುತ್ತದೆ.

ರಾಗಿ ಮುದ್ದೆ

ಮಿಕ್ಸಿಯ ಮಾತು ಬಂತಲ್ಲ, ಅದಕ್ಕೊಂದು ಹಳೆಯ ಸಂಗತಿ ಸೇರಿಸಲೇಬೇಕು. 1960ರ ದಶಕದ ಆರಂಭದಲ್ಲಿ ಮುಂಬೈಯಲ್ಲಿ ಎಂಜಿನಿಯರ್ ಆಗಿದ್ದ ಸತ್ಯಪ್ರಕಾಶ ಮಾಥುರ್ ಅವರ ಮನೆಯ ಜರ್ಮನ್ ಬ್ಲೆಂಡರ್ ಸುಟ್ಟುಹೋಯಿತು. ಆ ಯಂತ್ರ ಹಣ್ಣಿನ ರಸಕ್ಕೆ, ಮೆತ್ತಗಿನ ಪದಾರ್ಥಕ್ಕೆಂದು ಮಾಡಿದ್ದು. ನಮ್ಮ ಕಡೆಯ ತೆಂಗಿನಕಾಯಿ, ಕಡಲೆಬೇಳೆ, ಒಣ ಅರಿಶಿನ ಅದಕ್ಕೆ ಗೊತ್ತೇ ಇರಲಿಲ್ಲ. ಪತ್ನಿಗಾಗಿ ಅವರು ಹೆಚ್ಚು ಬಲದ ಮೋಟಾರು ಹಾಕಿ ಮಾಡಿದ ಯಂತ್ರವೇ ಸುಮೀತ್ ಆಯಿತು. ನಮ್ಮಮ್ಮನ ತಲೆಮಾರಿಗೆ ಮಿಕ್ಸಿ ಎಂದರೆ ಸುಮೀತ್, ಬೇರೆ ಹೆಸರೇ ಇರಲಿಲ್ಲ.

ಕೊಯಮತ್ತೂರಿನ ವೆಟ್ ಗ್ರೈಂಡರ್ ಕೂಡ ಹೀಗೆಯೇ, ಇಡ್ಲಿ ಹಿಟ್ಟಿಗಾಗಿಯೇ ಹುಟ್ಟಿದ ಯಂತ್ರ, ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ನಮ್ಮ ಮನೆಯ ಗ್ರೈಂಡರಿಗೆ ಇಪ್ಪತ್ತನಾಲ್ಕು ವರ್ಷ, ಬೆಲ್ಟ್ ಮಾತ್ರ ಬದಲಿಸಿದ್ದೇವೆ. ಹಳೆಯದೋ ಹೊಸದೋ ಎನ್ನುವುದಕ್ಕಿಂತ, ನಮ್ಮ ಕೆಲಸ ಏನೆಂದು ತಿಳಿದು ಮಾಡಿದ್ದೋ ಅಲ್ಲವೋ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಮೀಟರ್ ಓದುವವಳು

ದಾವಣಗೆರೆಯಿಂದ. ನಮ್ಮ ಅತ್ತೆಯವರ ಹಳೆಯ ಫ್ರಿಜ್ಜಿನ ಮೇಲೆ ನನಗೂ ಬಹಳ ಅಭಿಮಾನವಿತ್ತು. ಪ್ಲಗ್ಗಿಗೆ ಹಾಕುವ ಅಳತೆಯ ಮೀಟರ್ ತಂದು ಒಂದು ವಾರ ಬರೆದಿಟ್ಟೆ. ದಿನಕ್ಕೆ ಸರಾಸರಿ 2 ಯೂನಿಟ್. ಬಾಗಿಲಿನ ರಬ್ಬರ್ ಬದಲಿಸಿದ ಮೇಲೂ 1.8. ತಂಗಿಯ ಮನೆಯ ಸ್ವಲ್ಪ ದೊಡ್ಡದಾದ ಹೊಸ ಫ್ರಿಜ್ಜಿಗೆ ಅದೇ ಮೀಟರ್ ಹಾಕಿದೆ, 0.6. ದಿನಕ್ಕೆ 1.2 ಯೂನಿಟ್ ವ್ಯತ್ಯಾಸವೆಂದರೆ ತಿಂಗಳಿಗೆ 36 ಯೂನಿಟ್, ವರ್ಷಕ್ಕೆ 438. ಗೃಹಜ್ಯೋತಿಯ ಮಿತಿಯ ಅಂಚಿನಲ್ಲಿರುವ ನಮ್ಮಂಥವರಿಗೆ ಆ 36 ಯೂನಿಟ್ಟೇ ಬಿಲ್ ಬರುವುದೋ ಬಾರದೋ ಎಂದು ತೀರ್ಮಾನಿಸುತ್ತದೆ.

ಇನ್ನೊಂದು ಮಾತು. ಹಳೆಯ ಫ್ರಿಜ್ಜುಗಳಲ್ಲಿ ತಂಪು ಮಾಡುವ ಆರ್-12 ಅನಿಲ ಓಜೋನ್ ಪದರಕ್ಕೆ ಹಾನಿ ಮಾಡುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, ಆಮೇಲೆ ಆ ಅನಿಲ ಹಂತಹಂತವಾಗಿ ನಿಂತಿತು. ಹಳೆಯದನ್ನು ವಿಲೇವಾರಿ ಮಾಡುವಾಗ ಕೊಳವೆ ಕತ್ತರಿಸಿ ಅನಿಲವನ್ನು ಗಾಳಿಗೆ ಬಿಡುವ ಗುಜರಿಯವರ ಕೈಗೆ ದಯವಿಟ್ಟು ಕೊಡಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳಲು ಅನುಮತಿ ಪಡೆದವರನ್ನು ಹುಡುಕಿ.

ಗದ್ದೆ ಬದು

ಪೇಟೆಯ ಲೆಕ್ಕ ಹಳ್ಳಿಗೆ ಹೊಂದುವುದಿಲ್ಲ. ಮಂಡ್ಯ ಸೀಮೆಯ ನಮ್ಮೂರಿನಲ್ಲಿ ಸಂಜೆ ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ಮನೆಯ ಲೈನಿನಲ್ಲಿ 160 ವೋಲ್ಟ್ ಇದ್ದರೆ ಹೆಚ್ಚು. ಹಳೆಯ ಫ್ಯಾನಿನ ರೆಕ್ಕೆ ಎಣಿಸಬಹುದಿತ್ತು, ಸೊಳ್ಳೆ ಕೂಡ ಹೆದರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಿಎಲ್‌ಡಿಸಿ ಫ್ಯಾನ್ ಹಾಕಿಸಿದೆ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಮೋಟಾರನ್ನು ಓಡಿಸುವಂಥದ್ದು. ವೋಲ್ಟೇಜ್ ಬಿದ್ದರೂ ಅದರ ವೇಗ ಬೀಳುವುದಿಲ್ಲ, ಕರೆಂಟು ಹೋದಾಗ ಯುಪಿಎಸ್ ಮೇಲೂ ಬಹಳ ಹೊತ್ತು ಓಡುತ್ತದೆ. 75 ವ್ಯಾಟ್ ತಿನ್ನುವ ಜಾಗದಲ್ಲಿ 30 ಸಾಕು. ವಯಸ್ಸಾದ ತಂದೆ ಬೇಸಿಗೆಯಲ್ಲಿ ನೆಮ್ಮದಿಯಾಗಿ ಮಲಗುತ್ತಿರುವುದನ್ನು ನೋಡಿ ಹಳೆಯದೇ ಚೆನ್ನ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೆ ಏಪ್ರಿಲ್‌ನ ಮೊದಲ ಗುಡುಗಿಗೆ ಎರಡು ಫ್ಯಾನುಗಳ ಬೋರ್ಡ್ ಒಟ್ಟಿಗೆ ಹೋದವು. ಬೋರ್ಡ್ ಬಿಡಿಯಾಗಿ ಸಿಕ್ಕಿತು, ನಾನೇ ಏಣಿ ಹತ್ತಿ ಬದಲಿಸಿದೆ. ಅದಕ್ಕೇ ಹೇಳುವುದು, ಬಿಡಿಭಾಗ ಸಿಕ್ಕರೆ ಹೊಸದರ ಮೇಲೆ ನನಗೆ ಸಿಟ್ಟಿಲ್ಲ. ಈಗ ಮೋಡ ಕಟ್ಟಿದರೆ ಮೊದಲು ಮೇನ್ ಸ್ವಿಚ್ ಇಳಿಸುತ್ತೇನೆ.

ರೋನ್ ನದಿಯ ಕನ್ನಡಿಗ

ಫ್ರಾನ್ಸಿನ ಲಿಯೋನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ 2021ರ ಜನವರಿಯಿಂದ ವಾಷಿಂಗ್ ಮೆಷೀನ್, ಟಿವಿ, ಲ್ಯಾಪ್‌ಟಾಪ್, ಮೊಬೈಲ್ ಮುಂತಾದವುಗಳ ಬೆಲೆಚೀಟಿಯ ಪಕ್ಕದಲ್ಲೇ ದುರಸ್ತಿಯ ಅಂಕವನ್ನು ಹತ್ತಕ್ಕೆ ಇಷ್ಟು ಎಂದು ಹಾಕಬೇಕಾಯಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆ ಹೊಸ ಯಂತ್ರದ ಬೆಲೆಯ ಎಷ್ಟು ಪಾಲು, ದುರಸ್ತಿಯ ಮಾಹಿತಿ ಕೊಡುತ್ತಾರೆಯೇ ಎಂಬುದರ ಮೇಲೆ ಅಂಕ. ನಾನು ಮೆಷೀನ್ ಕೊಂಡಾಗ 6.2 ಮತ್ತು 8.4 ಪಕ್ಕಪಕ್ಕದಲ್ಲಿದ್ದವು, ಬೆಲೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಎರಡನೆಯದನ್ನೇ ತಂದೆ. ಯುರೋಪಿನ ನಿಯಮದಂತೆ ವಾಷಿಂಗ್ ಮೆಷೀನಿನ ಮುಖ್ಯ ಬಿಡಿಭಾಗಗಳು ಹತ್ತು ವರ್ಷ ಸಿಗುವಂತಿರಬೇಕು.

ಭಾರತದಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಜಾಲತಾಣ ತೆರೆಯಿತು. ಬಿಡಿಭಾಗ, ಸೇವಾ ಕೇಂದ್ರ, ದುರಸ್ತಿ ಮಾಹಿತಿಯನ್ನು ಕಂಪನಿಗಳು ಅಲ್ಲಿ ಹಾಕಬೇಕೆಂಬುದು ಉದ್ದೇಶ. ಅಂಗಡಿಯ ಬೆಲೆಚೀಟಿಯ ಮೇಲೆ ಆ ಅಂಕ ಕಾಣುವ ದಿನ ನಮ್ಮಲ್ಲೂ ಬರಬೇಕು. ವಿದ್ಯುತ್ ಉಳಿತಾಯದ ನಕ್ಷತ್ರಗಳನ್ನು ನೋಡಿ ಕೊಳ್ಳಲು ನಮ್ಮ ಜನ ಕಲಿತರಲ್ಲ, ಇದನ್ನೂ ಕಲಿಯುತ್ತಾರೆ.

ಕುಕ್ಕರಹಳ್ಳಿ ದಂಡೆ

ಎಲ್ಲರ ಮಾತುಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಶಿವಮೊಗ್ಗದವರ ಪ್ರಶ್ನೆಗೆ ಉತ್ತರ: ನಮ್ಮದು ತ್ರೀ ಫೇಸ್, ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ಫ್ರಿಜ್ಜಿಗೆ ಸ್ಟೆಬಿಲೈಸರ್ ಇದೆ. ಅಪ್ಪ ಫ್ರಿಜ್ಜಿನ ಜೊತೆಗೇ ತಂದದ್ದು, ಗೋಡೆಗೆ ಹೊಡೆದ ಹಲಗೆಯ ಮೇಲೆ ಕೂತಿದೆ, ಆಗಾಗ ಟಕ್ ಎನ್ನುತ್ತದೆ. ಆ ಸದ್ದು ನಮಗೆ ಎಷ್ಟು ಅಭ್ಯಾಸವಾಗಿದೆ ಎಂದರೆ ನೀವು ಕೇಳುವವರೆಗೂ ಅದು ನೆನಪಿಗೇ ಬಂದಿರಲಿಲ್ಲ. ವಾಷಿಂಗ್ ಮೆಷೀನ್ ನೇರವಾಗಿ ಗೋಡೆಯ ಪ್ಲಗ್ಗಿಗೆ. ಸ್ಟೆಬಿಲೈಸರ್ ಬೇಡ ಎಂದು ಅಂಗಡಿಯವರು ಹೇಳಿದ್ದರು.

ವೈಂಡಿಂಗ್ ಮೇಜು

ಹಾಗಿದ್ದರೆ ಮೆಷೀನಿಗಿಂತ ಮೊದಲು ಮನೆಯ ಲೈನ್ ನೋಡಿಸಿ, ಇವತ್ತೇ. ತ್ರೀ ಫೇಸ್ ಮನೆಯಲ್ಲಿ ನ್ಯೂಟ್ರಲ್, ಅಂದರೆ ಮೂರೂ ಫೇಸುಗಳ ಕರೆಂಟು ಮರಳುವ ತಂತಿ, ಸಡಿಲವಾದರೆ 230 ವೋಲ್ಟ್ 230 ಆಗಿ ಉಳಿಯುವುದಿಲ್ಲ. ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಕೈಬಿಟ್ಟರೆ ಹೆಚ್ಚು ಭಾರ (ಲೋಡ್) ಇರುವ ಫೇಸಿನಲ್ಲಿ ವೋಲ್ಟೇಜ್ ಇಳಿದು, ಕಡಿಮೆ ಭಾರವಿರುವ ಫೇಸಿನಲ್ಲಿ ಏರುತ್ತದೆ. ಮಹಡಿಯವರ ಗೀಸರ್ ಒಂದು ಫೇಸಿನಲ್ಲಿ, ನಿಮ್ಮ ಮೆಷೀನ್ ಇನ್ನೊಂದರಲ್ಲಿ ಇದ್ದರೆ, ಅವರು ಸ್ನಾನಕ್ಕೆ ಹೋದಾಗಲೆಲ್ಲ ನಿಮ್ಮ ಮೆಷೀನಿಗೆ ಪೆಟ್ಟು. ಮಿತಿ ಮೀರಿದರೆ ಫ್ರಿಜ್ಜಿನ ಸ್ಟೆಬಿಲೈಸರ್ ಟಕ್ ಎಂದು ಕತ್ತರಿಸಿಕೊಳ್ಳುತ್ತದೆ. ನಿಮ್ಮಪ್ಪ ಆಗ ಹಾಕಿದ ಆ ಪೆಟ್ಟಿಗೆಯೇ ಇಷ್ಟು ವರ್ಷ ಫ್ರಿಜ್ಜನ್ನು ಕಾದಿದೆ.

ಬೋರ್ಡಿನ ಬಾಗಿಲಲ್ಲಿ ವೇರಿಸ್ಟರ್ ಎಂಬ ನೀಲಿ ಬಿಲ್ಲೆ ಇರುತ್ತದೆ, ಸಾಮಾನ್ಯವಾಗಿ 275 ಇಲ್ಲವೇ 300 ವೋಲ್ಟಿನದು. ವೋಲ್ಟೇಜ್ ಅದಕ್ಕಿಂತ ಹೆಚ್ಚು ಏರಿದರೆ ಅದು ತಾನು ಸುಟ್ಟು ಫ್ಯೂಸ್ ಹಾರಿಸಿ ಉಳಿದದ್ದನ್ನು ಕಾಪಾಡುತ್ತದೆ. ಹತ್ತು ರೂಪಾಯಿಯ ಭಾಗ. ತೊಂದರೆ ಏನೆಂದರೆ, ಬೋರ್ಡಿಗೆ ತೇವ, ಇರುವೆ, ಹಲ್ಲಿ ತಾಗದಿರಲೆಂದು ಮೇಲೆ ರಾಳ ಸುರಿದಿರುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಅದನ್ನು ಬಿಡಿಸಲು ತಾಳ್ಮೆಯ ಕೈ ಬೇಕು. ಮೈಸೂರಿನಲ್ಲಿ ಬೋರ್ಡ್ ಕೆಲಸ ಮಾಡುವ ಹುಡುಗರಿದ್ದಾರೆ, ಕೇಳಿ ನೋಡಿ. ಲೈನ್ ಸರಿಪಡಿಸದೆ ಹೊಸ ಬೋರ್ಡ್ ಮಾತ್ರ ಹಾಕಿಸಬೇಡಿ, ಅದೂ ಹೋಗುತ್ತದೆ.

ಬೆಳಗಿನ ಪಾಳಿ

ಇದನ್ನು ನಾನು ಮೊದಲ ಓದಿನಲ್ಲೇ ಹಿಡಿಯಬೇಕಿತ್ತು. ಬಲ್ಬಿನ ಮಾತನ್ನು ಓದಿ ಮುಂದೆ ಹೋಗಿಬಿಟ್ಟೆ. ಮೇಜಿನ ಮುಂದೆ ಮೂವತ್ತು ವರ್ಷ ಕೂತವರ ಕಿವಿ ಬೇರೆಯೇ.

ಕುಕ್ಕರಹಳ್ಳಿ ದಂಡೆ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ.

ಎಲೆಕ್ಟ್ರಿಷಿಯನ್ ಬಂದು ವರಾಂಡದ ಪ್ಲಗ್ಗಿನಲ್ಲಿ ಅಳೆದರು, 226 ವೋಲ್ಟ್. ಮಹಡಿಯವರಿಗೆ ಗೀಸರ್ ಹಾಕಲು ಹೇಳಿದೆವು. ಮೀಟರಿನ ಅಂಕಿ ನಮ್ಮ ಕಣ್ಣ ಮುಂದೆಯೇ ಏರುತ್ತ 291ಕ್ಕೆ ಹೋಗಿ ನಿಂತಿತು. ಅಡುಗೆಮನೆಯಿಂದ ಸ್ಟೆಬಿಲೈಸರಿನ ಟಕ್ ಕೇಳಿಸಿತು, ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ವಿದ್ಯುತ್ ಕಂಪನಿಯ ಲೈನ್‌ಮನ್ ಬಂದು ಸರಬರಾಜು ನಿಲ್ಲಿಸಿದ ಮೇಲೆ ಮೀಟರ್ ಹಲಗೆ ಬಿಚ್ಚಿದರು. ನ್ಯೂಟ್ರಲ್ ತಂತಿಯ ತುದಿ ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಸ್ಕ್ರೂ ಬೆರಳಲ್ಲೇ ತಿರುಗುತ್ತಿತ್ತು. ತುದಿ ಕತ್ತರಿಸಿ, ಹೊಸ ಲಗ್ ಹಾಕಿ ಬಿಗಿದರು. ಆಮೇಲೆ ಗೀಸರ್ ಹಾಕಿದರೂ 228 ಕದಲಲಿಲ್ಲ.

ಬೋರ್ಡನ್ನು ದೇವರಾಜ ಅರಸು ರಸ್ತೆಯ ಹಿಂದಿನ ಗಲ್ಲಿಯಲ್ಲಿ ಮೊಬೈಲ್ ದುರಸ್ತಿ ಮಾಡುವ ಹುಡುಗನ ಬಳಿ ಒಯ್ದೆ. ಕೂದಲು ಒಣಗಿಸುವ ಯಂತ್ರದಿಂದ ರಾಳವನ್ನು ಬೆಚ್ಚಗೆ ಮಾಡಿ, ಬಿದಿರಿನ ಕಡ್ಡಿಯಿಂದ ಸ್ವಲ್ಪಸ್ವಲ್ಪವೇ ಕೆರೆದು ತೆಗೆದ. ಮುಕ್ಕಾಲು ಗಂಟೆ ಪಕ್ಕದಲ್ಲೇ ನಿಂತು ನೋಡಿದೆ. ರಾಳದಡಿಯಲ್ಲಿ ನೀಲಿ ಬಿಲ್ಲೆ ಎರಡು ಹೋಳಾಗಿ ಕಪ್ಪಾಗಿ ಬಿದ್ದಿತ್ತು, ಶಿವಮೊಗ್ಗದವರು ಹೇಳಿದ ಹಾಗೆಯೇ. ಫ್ಯೂಸ್ ಹೋಗಿತ್ತು, ಜೊತೆಗೆ ಒಂದು ಕಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡಿತ್ತು. ಮೂರನ್ನೂ ಬದಲಿಸಿ, ಹೊಸದಾಗಿ ಸಿಲಿಕೋನ್ ಬಳಿದು ಕೊಟ್ಟ. ಎಲ್ಲ ಸೇರಿ 850 ರೂಪಾಯಿ. ಕೆಟ್ಟ ಭಾಗಗಳನ್ನು ಪೊಟ್ಟಣ ಕಟ್ಟಿ ಕೊಡು ಎಂದು ಕೇಳಿ ತಂದಿದ್ದೇನೆ.

ಮೆಷೀನ್ ಭಾನುವಾರದಿಂದ ನಡೆಯುತ್ತಿದೆ. ವೋಲ್ಟೇಜ್ ಹೆಚ್ಚಾದರೆ ಕತ್ತರಿಸುವ ಉಪಕರಣವನ್ನು ಅದಕ್ಕೂ ಹಾಕಿಸಿದ್ದೇವೆ. ಅಪ್ಪನ ಸ್ಟೆಬಿಲೈಸರನ್ನು ಅಮ್ಮ ಕೆಳಗಿಳಿಸಿ, ಇಷ್ಟು ವರ್ಷದ ಧೂಳು ಒರೆಸಿ, ಮತ್ತೆ ಅದೇ ಹಲಗೆಯ ಮೇಲೆ ಇಟ್ಟರು. ದಾವಣಗೆರೆಯವರ ಲೆಕ್ಕ ಕೇಳಿದ ಮೇಲೆ ಅಳತೆಯ ಮೀಟರ್ ಒಂದನ್ನು ತರಿಸಿದ್ದೇನೆ. ಫ್ರಿಜ್ಜಿನ ಅಂಕಿ ಬರೆದಿಡಲು ನಿನ್ನೆಯಿಂದ ಶುರು ಮಾಡಿದ್ದೇವೆ, ಮೊದಲ ದಿನ 1.9 ಬಂದಿದೆ. ಅಮ್ಮ ಇನ್ನೂ ಏನೂ ಹೇಳಿಲ್ಲ.